ಸ್ಲರ್ಡ್ ಅಂದರೆ ಬೈಗುಳವೇ?

ಪ್ರಶ್ನೆ: ಅಪ್ಪನಿಗೆ ಹೋದ ತಿಂಗಳು ಲಕ್ವಾ ಹೊಡೆದಿತ್ತು. ಡಿಸ್ಚಾರ್ಜ್ ಸಮ್ಮರಿಯಲ್ಲಿ 'ಸ್ಲರ್ಡ್ ಸ್ಪೀಚ್' ಅಂತ ಬರೆದಿದ್ದಾರೆ. ಡಿಕ್ಷನರಿ ನೋಡಿದರೆ 'ಸ್ಲರ್' ಎಂದರೆ ನಿಂದೆ, ಕಳಂಕ ಅಂತಿದೆ. ಕುಡಿದವರ ಮಾತಿಗೂ ಹೀಗೇ ಹೇಳ್ತಾರೆ ಅಂತಾನೆ ತಮ್ಮ. ಅಪ್ಪ ಕುಡಿಯುವವರಲ್ಲ. ಹಾಗಿದ್ದರೆ ಡಾಕ್ಟರು ಯಾಕೆ ಹೀಗೆ ಬರೆದರು?
- ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಮೊದಲು ಮನಸ್ಸಿಗೆ ಸಮಾಧಾನ ಮಾಡಿಕೊಳ್ಳಿ. ಇದರಲ್ಲಿ ನಿಮ್ಮ ತಂದೆಯವರ ಮೇಲೆ ಯಾವ ಆರೋಪವೂ ಇಲ್ಲ. ಮಾತು ಕಿವಿಗೆ ಹೇಗೆ ಕೇಳಿಸಿತು ಅನ್ನುವುದನ್ನಷ್ಟೇ ಡಾಕ್ಟರು ಬರೆದಿದ್ದಾರೆ. ಯಾಕೆ ಹಾಗಾಯಿತು ಅನ್ನುವುದನ್ನು ಈ ಪದ ಹೇಳುವುದಿಲ್ಲ. ಕುಡಿದರೂ ಮಾತು ಸ್ಲರ್ಡ್ ಆಗುತ್ತದೆ, ಶುಗರ್ ತೀರಾ ಇಳಿದರೂ ಆಗುತ್ತದೆ, ಹಲ್ಲು ಕೀಳಲು ಮರಗಟ್ಟುವ ಇಂಜೆಕ್ಷನ್ ಕೊಟ್ಟಾಗಲೂ ಸ್ವಲ್ಪ ಹೊತ್ತು ಹಾಗೇ ಇರುತ್ತದೆ. ನಿಂದೆ ಅನ್ನುವ ಅರ್ಥ 'ಸ್ಲರ್' ಪದದ ಬೇರೆ ಬಳಕೆ, ಇಲ್ಲಿಗೆ ಬೇಡ.

ನಮ್ಮ ದೊಡ್ಡಮ್ಮನಿಗೆ ಲಕ್ವಾ ಆದಾಗ "ಕಾಫಿ ಕೊಡಮ್ಮ" ಅಂದದ್ದು "ಕಾವಿ ಒಳಮ್ಮ" ಅಂತ ಕೇಳಿಸುತ್ತಿತ್ತು. ಏನು ಬೇಕು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು, ಪದವೂ ಸರಿಯಾದದ್ದೇ. ತುಟಿ, ನಾಲಗೆಗೆ ಶಕ್ತಿ ಸಾಲದೆ ಅಕ್ಷರಗಳು ಒಂದರ ಮೇಲೊಂದು ಜಾರುತ್ತಿದ್ದವು. "ನಾಲಗೆ ಹೊರಳ್ತಿಲ್ಲ" ಅಂತ ನಮ್ಮ ಕಡೆ ಹೇಳ್ತೀವಲ್ವಾ, ಅದೇ ಸ್ಲರ್ಡ್. ಈ ಸ್ಥಿತಿಗೆ ಡಾಕ್ಟರುಗಳು ಡಿಸಾರ್ಥ್ರಿಯಾ ಅನ್ನುತ್ತಾರೆ.

'ಇನ್‌ಕೊಹೆರೆಂಟ್' ಜೊತೆ ಇದನ್ನು ದಯವಿಟ್ಟು ಬೆರೆಸಬೇಡಿ. ಅದು ಒಂದಕ್ಕೊಂದು ಸಂಬಂಧವಿಲ್ಲದ ಮಾತಿಗೆ. ಉಚ್ಚಾರ ಸ್ಪಷ್ಟವಾಗಿದ್ದೂ ಮಾತು ಇನ್‌ಕೊಹೆರೆಂಟ್ ಆಗಿರಬಹುದು. ಡಾಕ್ಟರ ಹತ್ತಿರ ಒಂದರ ಬದಲು ಇನ್ನೊಂದು ಹೇಳಿದರೆ ಅವರಿಗೆ ಬೇರೆಯೇ ಚಿತ್ರ ಸಿಗುತ್ತದೆ. ಗೊಣಗಿದರೆ 'ಮಂಬಲ್ಡ್'. ಫೋನಿನಲ್ಲಿ ಮಾತು ಒಡೆದೊಡೆದು ಬಂದರೆ 'ಗಾರ್ಬಲ್ಡ್'.

ಬಳಸುವಾಗ "ಹಿಸ್ ಸ್ಪೀಚ್ ಈಸ್ ಸ್ಲರ್ಡ್" ಅನ್ನಿ. "ಹಿ ಈಸ್ ಸ್ಲರಿಂಗ್ ಹಿಸ್ ವರ್ಡ್ಸ್" ಅಂದರೂ ಸರಿ. "ಹಿ ಈಸ್ ಸ್ಲರ್ಡ್" ಅನ್ನಬಾರದು, ಸ್ಲರ್ಡ್ ಆಗುವುದು ಮಾತು, ಮನುಷ್ಯನಲ್ಲ.

ಇನ್ನೊಂದು ವಿಷಯ ಹೇಳದೆ ಬಿಡಲಾರೆ. ಯಾರದೇ ಮಾತು ಇದ್ದಕ್ಕಿದ್ದಂತೆ ಹೀಗಾದರೆ, ಬಾಯಿ ಸೊಟ್ಟಗಾದರೆ, ಒಂದು ಕೈ ಎತ್ತಲಾಗದಿದ್ದರೆ, ತಕ್ಷಣ 108ಕ್ಕೆ ಫೋನ್ ಮಾಡಿ. ಮಲಗಿ ಎದ್ದರೆ ಸರಿಹೋಗುತ್ತದೆ ಅಂತ ಕಾಯಬೇಡಿ. ರಕ್ತ ಹೆಪ್ಪುಗಟ್ಟಿ ಆದ ಲಕ್ವಾಕ್ಕೆ ಆ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ. ಅದನ್ನು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೇ "ಎಷ್ಟು ಹೊತ್ತಿಗೆ ಶುರುವಾಯ್ತು?" ಅಂತ ಡಾಕ್ಟರು ಮೊದಲು ಕೇಳುವುದು.

ತಂದೆಯವರಿಗೆ ಸ್ಪೀಚ್ ಥೆರಪಿ ಬೇಕೇ ಅಂತ ಡಾಕ್ಟರನ್ನು ಕೇಳಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಯ ಕೆಲಸವೇ ಇದು. ಮನೆಯಲ್ಲಿ ಟಿವಿ ಆರಿಸಿ, ಎದುರು ಕೂತು ಮಾತಾಡಿಸಿ. ಅವರ ಮಾತನ್ನು ನೀವು ಮುಗಿಸಲು ಹೋಗಬೇಡಿ. ನಿಧಾನವಾದರೂ ಅವರೇ ಹೇಳಲಿ.