ಓದುಗರ ಪ್ರಶ್ನೆ, ನಮ್ಮ ಉತ್ತರ: ವೇಕ್‌ಬೋರ್ಡಿಂಗ್‌ಗೆ ಹಳೆಯ ಇನ್‌ಬೋರ್ಡ್ ಬೋಟು ಕೊಳ್ಳುವ ಮುನ್ನ

ಪ್ರಶ್ನೆ: ನಾವು ಬೆಂಗಳೂರಿನ ನಾಲ್ವರು ಸ್ನೇಹಿತರು. ಎರಡು ವರ್ಷಗಳಿಂದ ರಜೆ ಸಿಕ್ಕಾಗಲೆಲ್ಲ ಮೂಲ್ಕಿಗೆ ಹೋಗಿ ಶಾಂಭವಿ ಹೊಳೆಯಲ್ಲಿ ವೇಕ್‌ಬೋರ್ಡಿಂಗ್ (ಬೋಟು ಎಳೆಯುವ ಹಗ್ಗ ಹಿಡಿದು, ಹಲಗೆಯ ಮೇಲೆ ನಿಂತು ನೀರಿನಲ್ಲಿ ಜಾರುವ ಆಟ) ಕಲಿತಿದ್ದೇವೆ. ಈಗ ಹಣ ಒಟ್ಟುಗೂಡಿಸಿ ಹಳೆಯ ಇನ್‌ಬೋರ್ಡ್ (ಎಂಜಿನ್ ಒಳಗೇ ಇರುವ) ಬೋಟೊಂದನ್ನು ಕೊಳ್ಳಬೇಕೆಂದಿದ್ದೇವೆ. ಕರಾವಳಿಯಲ್ಲಿ ಎರಡು ಬೋಟುಗಳನ್ನು ನೋಡಿ ಬಂದೆವು. ಮೊದಲನೆಯದು 1990ರ ದಶಕದ್ದು. ಎಂಜಿನ್ ಬೋಟಿನ ನಡುವೆ ಇದೆ, ಬಣ್ಣ ಮಾಸಿದೆ, ಟವರ್ (ಎಳೆಯುವ ಹಗ್ಗವನ್ನು ಎತ್ತರದಲ್ಲಿ ಕಟ್ಟುವ ಚೌಕಟ್ಟು) ಇಲ್ಲ. ಎರಡನೆಯದಕ್ಕೆ ಸುಮಾರು 20 ವರ್ಷವಾಗಿದೆ. ಎಂಜಿನ್ ಹಿಂಭಾಗದಲ್ಲಿದೆ, ಟವರ್ ಇದೆ, ಸೀಟುಗಳನ್ನು ಹೊಸದಾಗಿ ಹೊಲಿಸಿದ್ದಾರೆ, ಎಂಜಿನ್ ಓಡಿದ ಹೊತ್ತನ್ನು ಎಣಿಸುವ ಮೀಟರ್ 300 ಗಂಟೆ ಮಾತ್ರ ತೋರಿಸುತ್ತಿದೆ, ಬೆಲೆ ಮೊದಲನೆಯದರ ಎರಡರಷ್ಟು. ಯಾವುದನ್ನು ಕೊಳ್ಳುವುದು ಮೇಲು? ಬೆಂಗಳೂರಿಗೆ ತಂದರೆ ಹತ್ತಿರದ ಕೆರೆಗಳಲ್ಲಿ ಓಡಿಸಬಹುದೇ?
— ಓದುಗರು, ಬಸವೇಶ್ವರನಗರ

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ಬೋಟು ಯಾವ ನೀರಿನಲ್ಲಿ ಓಡುತ್ತದೆ ಎಂಬುದು ಗೊತ್ತಾಗದೆ ಯಾವ ಬೋಟು ಒಳ್ಳೆಯದೆಂದು ಹೇಳಲಾಗದು. ಬೆಂಗಳೂರಿನ ಕೆರೆಗಳ ಆಸೆಯನ್ನು ಬಿಟ್ಟುಬಿಡಿ. ಹೆಸರಘಟ್ಟ, ತಿಪ್ಪಗೊಂಡನಹಳ್ಳಿಗಳು ಕುಡಿಯುವ ನೀರಿಗಾಗಿ ಕಟ್ಟಿದ ಜಲಾಶಯಗಳು. ಹಲಸೂರಿನಂತಹ ಊರ ನಡುವಿನ ಕೆರೆಯಲ್ಲಿ ಖಾಸಗಿ ಬೋಟಿಗೆ ಅನುಮತಿ ಸಿಕ್ಕಿತೆಂದೇ ಇಟ್ಟುಕೊಂಡರೂ, ಗಂಟೆಗೆ 35 ಕಿ.ಮೀ. ವೇಗದಲ್ಲಿ ಒಬ್ಬರನ್ನು ಎಳೆದುಕೊಂಡು ಹೋಗಲು ಬೇಕಾದ ನೇರ ಹಾದಿ ಅಲ್ಲಿಲ್ಲ. ಅರ್ಧ ಕಿ.ಮೀ.ಗಿಂತ ಹೆಚ್ಚು ಉದ್ದದ ತಡೆಯಿಲ್ಲದ ನೀರು, ಎರಡು ಮೀಟರಿನಷ್ಟು ಆಳ, ಎರಡೂ ದಡಗಳಿಂದ ಸಾಕಷ್ಟು ದೂರ, ಇವಿಷ್ಟು ಇಲ್ಲದ ಕಡೆ ಈ ಆಟ ಸುರಕ್ಷಿತವಲ್ಲ. ಕಬಿನಿಯಂತಹ ಹಿನ್ನೀರು ವಿಶಾಲವಾಗಿ ಕಂಡರೂ ಅಲ್ಲಿ ಮುಳುಗಿದ ಒಣಮರಗಳಿವೆ. ಇನ್‌ಬೋರ್ಡ್ ಬೋಟಿನ ಶಾಫ್ಟ್, ಪ್ರೊಪೆಲರ್, ಚುಕ್ಕಾಣಿ ಮೂರೂ ತಳದ ಕೆಳಗೆ ಚಾಚಿಕೊಂಡಿರುವುದರಿಂದ ಒಂದೇ ಒಂದು ಬೊಡ್ಡೆ ತಗುಲಿದರೂ ಶಾಫ್ಟ್ ಬಾಗುತ್ತದೆ. ಜಲಾಶಯವನ್ನು ನೋಡಿಕೊಳ್ಳುವ ನಿಗಮದ ಅನುಮತಿಯನ್ನು ಲಿಖಿತವಾಗಿ ಪಡೆಯದೆ ಅಲ್ಲಿ ಬೋಟು ಇಳಿಸುವಂತೆಯೂ ಇಲ್ಲ.

ಆದುದರಿಂದ ನನ್ನ ಸಲಹೆ ಇದು: ಬೋಟು ಕರಾವಳಿಯಲ್ಲಿಯೇ ಇರಲಿ, ನೀವೇ ಅಲ್ಲಿಗೆ ಹೋಗಿ. ಈ ಬಗೆಯ ಬೋಟು ಟ್ರೇಲರ್ ಸೇರಿ ಎರಡು ಟನ್ನಿನ ಆಸುಪಾಸು ತೂಗುತ್ತದೆ. ಅದನ್ನು ಶಿರಾಡಿ ಘಾಟಿ ಹತ್ತಿಸಿ 350 ಕಿ.ಮೀ.ಗೂ ಹೆಚ್ಚು ದೂರ ಸಾಗಿಸಿ ಮತ್ತೆ ಇಳಿಸುವ ಖರ್ಚಿನ ಬದಲಿಗೆ ಮೂಲ್ಕಿಯ ಸುತ್ತಮುತ್ತ ಮಳೆ ತಾಗದ ಒಂದು ಶೆಡ್ಡನ್ನು ಬಾಡಿಗೆಗೆ ಹಿಡಿಯುವುದು ಜಾಣತನ. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಹರಿಯುವಾಗ ಹೇಗೂ ಬೋಟನ್ನು ಮೇಲೆತ್ತಿ ಇಡಬೇಕಾಗುತ್ತದೆ.

ಈಗ ಎರಡು ಬೋಟುಗಳ ವಿಚಾರ. ಎಂಜಿನ್ ನಡುವೆ ಇದ್ದು ಶಾಫ್ಟ್ ನೇರವಾಗಿ ಹಿಂದಕ್ಕೆ ಹೋಗುವ ವ್ಯವಸ್ಥೆಗೆ ಡೈರೆಕ್ಟ್ ಡ್ರೈವ್ ಎನ್ನುತ್ತಾರೆ. ಎಂಜಿನ್ ಹಿಂಭಾಗದಲ್ಲಿದ್ದು, ಶಾಫ್ಟ್ ಮೊದಲು ಮುಂದಕ್ಕೆ ಹೋಗಿ ಗೇರ್‌ಬಾಕ್ಸಿನಲ್ಲಿ ತಿರುಗಿ ಹಿಂದಕ್ಕೆ ಬರುವುದು ವಿ-ಡ್ರೈವ್. ಮೊದಲನೆಯದನ್ನು ವಾಟರ್ ಸ್ಕೀಯಿಂಗ್‌ಗಾಗಿ, ಅಂದರೆ ಹಿಂದೆ ಏಳುವ ಅಲೆ ಆದಷ್ಟು ಚಿಕ್ಕದಾಗಿರಲಿ ಎಂದೇ ರೂಪಿಸಿದ್ದಾರೆ. ನಿಮಗೆ ಬೇಕಾದುದು ಹಾರಲು ನೆರವಾಗುವ ಎತ್ತರದ ಅಲೆ. ವಿ-ಡ್ರೈವ್‌ನಲ್ಲಿ ಭಾರವೆಲ್ಲ ಹಿಂದೆ ಇರುವುದರಿಂದ ಆ ಅಲೆ ತಾನಾಗಿಯೇ ಏಳುತ್ತದೆ. ಇಷ್ಟನ್ನೇ ನೋಡಿದರೆ ಎರಡನೆಯ ಬೋಟೇ ನಿಮ್ಮದು. ಆದರೆ ಅಲೆಯನ್ನು ಭಾರದಿಂದ ದೊಡ್ಡದು ಮಾಡಬಹುದು. ಕೊಳೆತ ಬೋಟನ್ನು ಅಷ್ಟು ಸುಲಭವಾಗಿ ಗಟ್ಟಿ ಮಾಡಲಾಗದು. ಹಿಂಭಾಗದ ಎರಡು ಮೂಲೆಗಳಲ್ಲಿ ನೀರು ತುಂಬುವ ದಪ್ಪ ಚೀಲಗಳನ್ನಿಟ್ಟು ತಲಾ 150 ಲೀಟರ್ ತುಂಬಿದರೆ 300 ಕೆ.ಜಿ. ಭಾರ ಸೇರಿತು, ಕಲಿಯುತ್ತಿರುವವರಿಗೆ ಆ ಅಲೆ ಧಾರಾಳವಾಗಿ ಸಾಕು. ಈ ನೀರಿನ ತೂಕವನ್ನೂ ಜನರ ತೂಕವನ್ನೂ ಕೂಡಿಸಿದರೆ, ಬೋಟಿನೊಳಗೆ ಅಂಟಿಸಿರುವ ಗರಿಷ್ಠ ಭಾರದ ಫಲಕದ ಮಿತಿ ಮೀರಬಾರದು ಎಂಬುದನ್ನು ಮಾತ್ರ ಮರೆಯಬೇಡಿ. ಟವರ್ ಇಲ್ಲದ ಕೊರತೆಯನ್ನು ನಡುವಿನ ಎಳೆಗಂಬಕ್ಕೆ ಉದ್ದದ ಕಂಬ ಜೋಡಿಸಿ ನೀಗಿಸಬಹುದು. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಪೈಪು ಬಗ್ಗಿಸಿ ಟವರ್ ಮಾಡಿಸಿ, ತೆಳು ಫೈಬರಿಗೆ ಬರಿಯ ಸ್ಕ್ರೂ ಹೊಡೆದು ನಿಲ್ಲಿಸುವ ಸಾಹಸ ಬೇಡ. ಅದು ಕಿತ್ತುಬಂದರೆ ಕುಳಿತವರ ತಲೆಯ ಮೇಲೆಯೇ ಬೀಳುತ್ತದೆ.

ಮೀಟರಿನ 300 ಗಂಟೆಯನ್ನು ಕಂಡು ಹಿಗ್ಗಬೇಡಿ. 20 ವರ್ಷಕ್ಕೆ ಹಂಚಿದರೆ ವರ್ಷಕ್ಕೆ 15 ಗಂಟೆಯಾಯಿತು. ಒಂದೋ ಮೀಟರ್ ಬದಲಾಗಿದೆ, ಇಲ್ಲವೇ ಬೋಟು ವರ್ಷಗಟ್ಟಲೆ ಉಪ್ಪುಗಾಳಿಯಲ್ಲಿ ಸುಮ್ಮನೆ ನಿಂತಿದೆ. ನಿಯಮಿತವಾಗಿ ಆಯಿಲ್ ಬದಲಾಯಿಸಿದ ದಾಖಲೆಯಿರುವ 1,000 ಗಂಟೆಯ ಎಂಜಿನ್, ನಿಂತೇ ತುಕ್ಕು ಹಿಡಿದ 300 ಗಂಟೆಯ ಎಂಜಿನ್‌ಗಿಂತ ಎಷ್ಟೋ ಮೇಲು.

ನೀವು ಅತಿ ಹೆಚ್ಚು ಹೊತ್ತು ಕೊಡಬೇಕಾದುದು ಕಾಲಡಿಯ ನೆಲಕ್ಕೆ. ನೆಲದ ಅಡಿಯಲ್ಲಿ ಬೋಟಿನ ಉದ್ದಕ್ಕೂ ತೊಲೆಗಳಂತಹ ಸ್ಟ್ರಿಂಜರ್‌ಗಳಿರುತ್ತವೆ. ಎಂಜಿನ್ ಕುಳಿತಿರುವುದು ಅವುಗಳ ಮೇಲೆಯೇ. ಹಳೆಯ ಬೋಟುಗಳಲ್ಲಿ ಇವು ಫೈಬರ್ ಹೊದಿಸಿದ ಮರದ ತೊಲೆಗಳು. ಸ್ಕ್ರೂ ತೂತುಗಳಿಂದ ಇಳಿದ ನೀರು ಒಳಗೇ ಉಳಿದು, ಹೊರಗೆ ಹೊಳೆಯುವ ಫೈಬರ್ ಇರುವಾಗಲೇ ಒಳಗಿನ ಮರ ಪುಡಿಯಾಗಿರುತ್ತದೆ. ನಾಟಿಕ್ ಬೋಟುಗಳನ್ನು ತಯಾರಿಸುವ ಕರೆಕ್ಟ್ ಕ್ರಾಫ್ಟ್ 1993ರಿಂದ ಮರವನ್ನು ಕೈಬಿಟ್ಟಿತು. ಹಾಗಾಗಿ ನಿಮ್ಮ ಮೊದಲನೆಯ ಬೋಟು ಯಾವ ಕಂಪನಿಯದು, ಯಾವ ವರ್ಷದ್ದು ಎಂಬುದನ್ನು ಬೋಟಿನ ಹಿಂಬದಿಯ ಹೊರಗೋಡೆಯ ಮೇಲೆ ಕೊರೆದಿರುವ ಗುರುತಿನ ಸಂಖ್ಯೆಯಿಂದ ಖಚಿತಪಡಿಸಿಕೊಳ್ಳಿ. ಬರಿಗಾಲಿನಲ್ಲಿ ನೆಲದ ತುಂಬ ನಡೆದಾಡಿ. ಎಲ್ಲಿಯಾದರೂ ಮೆತ್ತಗೆ ಕುಸಿದಂತಾದರೆ ಗುರುತು ಹಾಕಿ. ಎಂಜಿನ್ ಮುಚ್ಚಳ ತೆರೆದು, ಸುತ್ತಿಗೆಯ ಹಿಡಿಯಿಂದ ತೊಲೆಗಳನ್ನು ಉದ್ದಕ್ಕೂ ತಟ್ಟುತ್ತ ಹೋಗಿ. ಗಟ್ಟಿ ಮರ ಖಣಖಣ ಎನ್ನುತ್ತದೆ, ಕೊಳೆತದ್ದು ಮಂಕಾಗಿ ದಬ್ ಎನ್ನುತ್ತದೆ. ಆಮೇಲೆ ಎಂಜಿನ್ ಕೂರಿಸಿದ ಬೋಲ್ಟುಗಳಿಗೆ ಸ್ಪ್ಯಾನರ್ ಹಾಕಿ ಬಿಗಿ ಮಾಡಿ ನೋಡಿ. ಬಿಗಿಯಾಗದೆ ಸುಮ್ಮನೆ ತಿರುಗಿದರೆ ಹಿಡಿದುಕೊಳ್ಳಲು ಅಲ್ಲಿ ಮರವೇ ಉಳಿದಿಲ್ಲ ಎಂದು ಅರ್ಥ. ಕೆಲವು ವರ್ಷಗಳ ಹಿಂದೆ ಪರಿಚಿತರೊಬ್ಬರಿಗಾಗಿ ಒಂದು ಬೋಟು ನೋಡಲು ಹೋದಾಗ ನಾಲ್ಕು ಬೋಲ್ಟುಗಳಲ್ಲಿ ಮೂರು ಬೆರಳಿನಲ್ಲೇ ತಿರುಗಿದವು. ಅದರ ಸೀಟುಗಳೂ ಹೊಸವೇ ಆಗಿದ್ದವು. ಹೊಸ ಸೀಟು, ಹೊಸ ಕಾರ್ಪೆಟ್ ಕಂಡಾಗ ಅದರ ಕೆಳಗೇನಿದೆ ಎಂದು ಕೇಳುವ ಅಭ್ಯಾಸ ನನಗೆ ಅಂದಿನಿಂದ ಬಂತು. ಮಲ್ಪೆಯ ಫೈಬರ್ ಕೆಲಸಗಾರರು ನಿಪುಣರು, ಸ್ಟ್ರಿಂಜರ್ ಬದಲಾಯಿಸಬಲ್ಲರು. ಆದರೆ ಅದಕ್ಕಾಗಿ ಎಂಜಿನ್ ಎತ್ತಿ, ನೆಲವನ್ನೆಲ್ಲ ಕತ್ತರಿಸಿ ತೆಗೆಯಬೇಕು. ಅಗ್ಗದ ಬೋಟು ಅಲ್ಲಿಗೆ ಅಗ್ಗವಾಗಿ ಉಳಿಯುವುದಿಲ್ಲ.

ಎಂಜಿನ್ ವಿಷಯದಲ್ಲಿ ಸಮಾಧಾನದ ಸಂಗತಿಯೊಂದಿದೆ. ಆ ಕಾಲದ ಹೆಚ್ಚಿನ ಬೋಟುಗಳಲ್ಲಿರುವುದು ಜನರಲ್ ಮೋಟರ್ಸ್‌ನ 5.7 ಲೀಟರಿನ ಅಥವಾ ಫೋರ್ಡ್‌ನ 5.8 ಲೀಟರಿನ ಎಂಟು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಸರಳ, ಬಾಳಿಕೆಯ ಯಂತ್ರ. ನೀವು ನಂಬುವ ಮೆಕ್ಯಾನಿಕ್‌ನನ್ನು ಬೆಂಗಳೂರಿನಿಂದಲೇ ಕರೆದೊಯ್ದು ಎಂಟೂ ಸಿಲಿಂಡರುಗಳ ಕಂಪ್ರೆಷನ್ (ಒಳಗಿನ ಒತ್ತಡ) ಅಳೆಯಿಸಿ. ಅತಿ ಹೆಚ್ಚಿನದಕ್ಕೂ ಅತಿ ಕಡಿಮೆಯದಕ್ಕೂ ಶೇ 10ಕ್ಕಿಂತ ಹೆಚ್ಚಿನ ಅಂತರವಿದ್ದರೆ ಎಚ್ಚರ. ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ನೀರು ಒಳಸೇರಿದೆ. ಅಮೆರಿಕದ ಚಳಿ ಪ್ರದೇಶಗಳಿಂದ ಬಂದ ಬೋಟಾದರೆ ಇನ್ನೊಂದು ಅಪಾಯವಿದೆ: ಚಳಿಗಾಲದಲ್ಲಿ ನೀರು ತೆಗೆಯದೆ ಬಿಟ್ಟರೆ ಅದು ಹೆಪ್ಪುಗಟ್ಟಿ ಹಿಗ್ಗಿ ಎಂಜಿನ್ ಬ್ಲಾಕನ್ನೇ ಸೀಳುತ್ತದೆ. ಬ್ಲಾಕಿನ ಎರಡೂ ಪಕ್ಕಗಳಲ್ಲಿ ಅಂಟು ಹಚ್ಚಿ ಬಣ್ಣ ಬಳಿದ ಗುರುತಿದೆಯೇ ಎಂದು ಟಾರ್ಚ್ ಹಾಕಿ ನೋಡಿ.

ನಿಮ್ಮ ಹೊಳೆ ಸಮುದ್ರ ಸೇರುವ ಜಾಗದ್ದಾದ್ದರಿಂದ ನೀರಿನಲ್ಲಿ ಉಪ್ಪಿರುತ್ತದೆ. ಹೊರಗಿನ ನೀರನ್ನೇ ಎಂಜಿನ್ ಒಳಗೆ ಹಾಯಿಸಿ ತಂಪು ಮಾಡುವ ಬೋಟಿನಲ್ಲಿ ಎಗ್ಸಾಸ್ಟ್ ಮ್ಯಾನಿಫೋಲ್ಡುಗಳು (ಎಂಜಿನ್‌ನ ಹೊಗೆ ಹೊರಹೋಗುವ ಕೊಳವೆಗಳು) ಒಳಗಿನಿಂದ ಸವೆಯುತ್ತವೆ. ಎರಡು ಬೋಟುಗಳಲ್ಲಿ ಯಾವುದಕ್ಕಾದರೂ ಕಾರಿನ ರೇಡಿಯೇಟರಿನಂತೆ ಮುಚ್ಚಿದ ಕೂಲಿಂಗ್ ವ್ಯವಸ್ಥೆ ಇದ್ದರೆ ಅದಕ್ಕೆ ನಾನು ಹೆಚ್ಚು ಅಂಕ ಕೊಡುತ್ತೇನೆ. ಇಲ್ಲದಿದ್ದರೆ ಪ್ರತಿ ಸಲ ಬೋಟು ಮೇಲೆತ್ತಿದ ಮೇಲೆ ಸಿಹಿನೀರು ಹಾಯಿಸಿ ತೊಳೆಯುವ ಶಿಸ್ತು ನಾಲ್ವರಿಗೂ ಬೇಕು.

ನೀರಿಗಿಳಿಸಿ ಓಡಿಸದೆ ಮುಂಗಡ ಕೊಡಬೇಡಿ. ನೀವು ತಲುಪುವ ಮುನ್ನ ಎಂಜಿನ್ ಸ್ಟಾರ್ಟ್ ಮಾಡಬಾರದೆಂದು ಮಾಲೀಕರಿಗೆ ಮೊದಲೇ ತಿಳಿಸಿ, ಹೋದ ಕೂಡಲೇ ಮುಟ್ಟಿ ತಣ್ಣಗಿದೆಯೇ ನೋಡಿ. ಬಿಸಿ ಎಂಜಿನ್ ತನ್ನ ದೋಷಗಳನ್ನು ಬಚ್ಚಿಡುತ್ತದೆ. ನಾಲ್ವರೂ ಕುಳಿತು ಅರ್ಧ ಗಂಟೆ ಓಡಿಸಿ. ಉಷ್ಣಾಂಶ ಒಂದೆಡೆ ಸ್ಥಿರವಾಗಿ ನಿಲ್ಲಬೇಕು, ಗೇರ್ ಹಾಕಿದಾಗ ಜಾರಬಾರದು, ಸ್ಟೀರಿಂಗ್‌ನಲ್ಲಿ ನಡುಕ ಬರಬಾರದು. ಶಾಫ್ಟ್ ಹೊರಹೋಗುವ ಗ್ಲ್ಯಾಂಡಿನಿಂದ ಆಗೊಂದು ಈಗೊಂದು ಹನಿ ಬೀಳುವುದು ಹಳೆಯ ಮಾದರಿಯಲ್ಲಿ ಸಹಜ. ಧಾರೆಯಾಗಿ ಬಂದರೆ ಅಲ್ಲ.

ಈ ಪರೀಕ್ಷೆಗಳಲ್ಲಿ ಎರಡೂ ಗೆದ್ದರೆ ಮತ್ತು ಹಣವಿದ್ದರೆ ವಿ-ಡ್ರೈವ್ ಕೊಳ್ಳಿ. ಮೊದಲನೆಯದು ಮಾತ್ರ ಗೆದ್ದರೆ ಮಾಸಿದ ಬಣ್ಣವನ್ನು ಲೆಕ್ಕಿಸದೆ ಅದನ್ನೇ ಕೊಂಡು, ಉಳಿದ ಅರ್ಧ ಹಣವನ್ನು ದುರಸ್ತಿಗೂ ಪೆಟ್ರೋಲಿಗೂ ಇಟ್ಟುಕೊಳ್ಳಿ. ಭಾರ ತುಂಬಿ ಎಳೆಯುವಾಗ ಈ ಎಂಜಿನ್ ಗಂಟೆಗೆ 20 ಲೀಟರ್ ಕುಡಿದರೂ ಆಶ್ಚರ್ಯವಿಲ್ಲ. ಲೀಟರಿಗೆ 100 ರೂಪಾಯಿಯಂತೆ ಹಿಡಿದರೂ ಒಂದು ಗಂಟೆಯ ಆಟಕ್ಕೆ 2,000 ರೂಪಾಯಿ. ಎರಡೂ ಸೋತರೆ ಬರಿಗೈಯಲ್ಲಿ ವಾಪಸು ಬನ್ನಿ.

ಕಾಗದಪತ್ರಗಳ ಬಗ್ಗೆ: 2021ರ ಒಳನಾಡು ಹಡಗುಗಳ ಕಾಯ್ದೆಯ ಪ್ರಕಾರ ಯಂತ್ರಚಾಲಿತ ಬೋಟಿಗೆ ನೋಂದಣಿ, ಸರ್ವೆ ಪ್ರಮಾಣಪತ್ರ ಮತ್ತು ವಿಮೆ ಬೇಕು. ಮಾರುವವರ ಹೆಸರಿನಲ್ಲಿಯೇ ನೋಂದಣಿ ಇದೆಯೇ, ಹೊರದೇಶದ ಬೋಟಾದರೆ ಸೀಮಾ ಸುಂಕ ಕಟ್ಟಿದ ದಾಖಲೆ ಇದೆಯೇ ನೋಡಿ.

ಪ್ರಶ್ನೆ: ನಮ್ಮ ಬಳಿ ಆಗಲೇ ಇಂತಹ ಹಳೆಯ ಬೋಟೊಂದಿದೆ. ಇತ್ತೀಚೆಗೆ ಎಂಜಿನ್ ಆಗಾಗ ನಿಂತುಹೋಗುತ್ತಿದೆ. ಬಂಕಿನ ಪೆಟ್ರೋಲ್ ಕಾರಣವಿರಬಹುದೇ? ಆಲ್ಟರ್ನೇಟರ್ ಕೂಡ ಕೆಟ್ಟಿದೆ, ಜೆ.ಸಿ. ರಸ್ತೆಯಲ್ಲಿ ಸಿಗುವ ಕಾರಿನದನ್ನೇ ಹಾಕಿಸಬಹುದೇ?
— ಓದುಗರು, ಜಯನಗರ

ಉತ್ತರ: ಪೆಟ್ರೋಲ್ ಕಾರಣವಿರಬಹುದು. ಈಗ ನಮ್ಮ ಬಂಕುಗಳಲ್ಲಿ ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಸಿಗುತ್ತದೆ. ಅಮೆರಿಕದ ಬೋಟ್ ಎಂಜಿನ್ ತಯಾರಕರು ಒಪ್ಪುವುದು ಶೇ 10ರವರೆಗೆ ಮಾತ್ರ. ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಬೋಟು ತಿಂಗಳುಗಟ್ಟಲೆ ನಿಂತಾಗ ನೀರು ಬೇರ್ಪಟ್ಟು ಟ್ಯಾಂಕಿನ ತಳ ಸೇರುತ್ತದೆ, ಹಳೆಯ ರಬ್ಬರ್ ಪೈಪುಗಳು ಮೆತ್ತಗಾಗುತ್ತವೆ. ಟ್ಯಾಂಕನ್ನು ಖಾಲಿ ಮಾಡಿ ಶುಚಿಗೊಳಿಸಿ, ಪೈಪುಗಳನ್ನೂ ಕಾರ್ಬ್ಯುರೇಟರಿನ ರಬ್ಬರ್ ಭಾಗಗಳನ್ನೂ ಎಥೆನಾಲ್ ತಾಳುವಂತಹವುಗಳಿಗೆ ಬದಲಾಯಿಸಿ, ನೀರು ಬೇರ್ಪಡಿಸುವ ಫಿಲ್ಟರ್ ಹಾಕಿಸಿ. ಆಯಾ ದಿನಕ್ಕೆ ಬೇಕಾದಷ್ಟೇ ಪೆಟ್ರೋಲ್ ತುಂಬಿಸಿ.

ಕಾರಿನ ಆಲ್ಟರ್ನೇಟರ್ ಖಂಡಿತ ಬೇಡ. ಕಾರಿನಲ್ಲಿ ಸೋರಿದ ಪೆಟ್ರೋಲ್ ಆವಿ ಕೆಳಗಿನಿಂದ ಹೊರಗೆ ಹೋಗುತ್ತದೆ. ಬೋಟಿನಲ್ಲಿ ಅದು ತಳದಲ್ಲಿಯೇ ತುಂಬಿಕೊಳ್ಳುತ್ತದೆ. ಬೋಟಿಗೆಂದೇ ಮಾಡಿದ ಆಲ್ಟರ್ನೇಟರ್, ಸ್ಟಾರ್ಟರ್, ಡಿಸ್ಟ್ರಿಬ್ಯೂಟರ್‌ಗಳಲ್ಲಿ ಕಿಡಿ ಆ ಆವಿಗೆ ತಗುಲದಂತಹ ರಚನೆ ಇರುತ್ತದೆ, ಕಾರಿನವುಗಳಲ್ಲಿ ಇರುವುದಿಲ್ಲ. ನೋಡಲು ಎರಡೂ ಒಂದೇ ತೆರನಾಗಿದ್ದು, ಅಳತೆಯೂ ಕೂಡಿಬರುವುದರಿಂದಲೇ ಈ ತಪ್ಪು ನಡೆಯುತ್ತದೆ. ಸರಿಯಾದ ಬಿಡಿಭಾಗ ಬರುವವರೆಗೆ ಬೋಟು ಶೆಡ್ಡಿನಲ್ಲಿಯೇ ಇರಲಿ. ಅದು ಬಂದ ಮೇಲೂ, ಸ್ಟಾರ್ಟ್ ಮಾಡುವ ಮುನ್ನ ಪ್ರತಿ ಸಲ ಎಂಜಿನ್ ಕೋಣೆಯ ಬ್ಲೋವರ್ ಫ್ಯಾನನ್ನು ನಾಲ್ಕು ನಿಮಿಷ ಓಡಿಸಿ, ಮುಚ್ಚಳ ಎತ್ತಿ ಮೂಸಿ ನೋಡಿ, ಆಮೇಲೆ ಕೀಲಿ ತಿರುಗಿಸಿ.