'ಯುಗಪುರುಷ'ನನ್ನು ತೆಗೆದುಬಿಡಿ

ಕಡೂರಿನ ಗೆಳೆಯರಿಗೆ ನಮಸ್ಕಾರ.

ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯಿಂದ ಮಂಗಳೂರಿಗೆ ಬಂದ ಜರ್ಮನ್ ಪಾದ್ರಿ ಹರ್ಮನ್ ಮೋಗ್ಲಿಂಗ್ ಬಗ್ಗೆ ನೀವು ಹಾಸನಕ್ಕೆ ಕಳಿಸಿದ ಲೇಖನ ಓದಿದೆ. ಈಗ ಇರುವ ಹಾಗೆ ಹಾಕಲು ಆಗುವುದಿಲ್ಲ. ಹಾಗಂತ ಕೈಬಿಡುವ ಬರಹವೂ ಅಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ, ಬೇಜಾರು ಮಾಡ್ಕೋಬೇಡಿ.

ಮೊದಲು ತಪ್ಪುಗಳು. ಕನ್ನಡ-ಇಂಗ್ಲಿಷ್ ನಿಘಂಟು ಮೋಗ್ಲಿಂಗರದ್ದು ಎಂದಿದ್ದೀರಿ. ಅದು ಕಿಟೆಲ್ ಅವರದ್ದು, ಬಂದದ್ದು 1894ರಲ್ಲಿ. ಮೋಗ್ಲಿಂಗ್ 1881ರಲ್ಲೇ ತೀರಿಕೊಂಡಿದ್ದರು. 'ಜರ್ಮನ್ ಸರ್ಕಾರ ಡಾಕ್ಟರೇಟ್ ಕೊಟ್ಟು ಗೌರವಿಸಿತು' ಎಂಬ ಸಾಲೂ ಹೋಗಬೇಕು. 1858ರಲ್ಲಿ ಅದನ್ನು ಕೊಟ್ಟದ್ದು ಟ್ಯೂಬಿಂಗನ್ ವಿಶ್ವವಿದ್ಯಾಲಯ. ಜರ್ಮನಿ ಒಂದು ದೇಶವಾಗಿ ಒಗ್ಗೂಡಿದ್ದೇ 1871ರಲ್ಲಿ. ಇಲ್ಲದ ಸರ್ಕಾರ ಡಾಕ್ಟರೇಟ್ ಎಲ್ಲಿಂದ ಕೊಡುತ್ತೆ?

ಅರ್ಧ ಲೇಖನ 'ಮಂಗಳೂರ ಸಮಾಚಾರ'ಕ್ಕೇ ಹೋಗಿದೆ. 1843ರ ಜುಲೈ 1, ಮೊದಲ ಕನ್ನಡ ಪತ್ರಿಕೆ, ಮರುವರ್ಷ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ' ಆಯಿತು. ಎಲ್ಲ ಸರಿ. ಆದರೆ ಪತ್ರಿಕಾ ದಿನದ ಭಾಷಣಕಾರರಿಗೆಲ್ಲ ಇದು ಬಾಯಿಪಾಠ. ನಿಮಗೆ ಎರಡು ಸಾಲು ಸಾಕು.

ನೀವೇ ಇಟ್ಟ ತಲೆಬರಹ 'ಸೆಮಿನರಿಯ ಗುರು'. ಸೆಮಿನರಿ, ಅಂದರೆ ಪಾದ್ರಿಗಳನ್ನು ತಯಾರು ಮಾಡುವ ಶಾಲೆ, ಲೇಖನದಲ್ಲಿ ಎಲ್ಲಿದೆ? ಕೊನೆಯ ಪ್ಯಾರಾದಲ್ಲಿ 'ಬಲ್ಮಠದಲ್ಲಿ ಸೆಮಿನರಿ ನಡೆಸಿದರು' ಅಂತ ಒಂದು ಸಾಲು, ಮುಗೀತು. ಉಳಿದ ಕಡೆ 'ಮಹಾನ್ ಚೇತನ', 'ಕರುಣಾಮಯಿ', 'ಯುಗಪುರುಷ' ಅಂತ ಮದುವೆ ಮನೆಯ ಪನ್ನೀರಿನ ಹಾಗೆ ಚಿಮುಕಿಸಿದ್ದೀರಿ. ಹೆಸರು ಬದಲಾಯಿಸಿದರೆ ಇದೇ ಲೇಖನವನ್ನು ಯಾವ ಹೆಡ್‌ಮಾಸ್ಟರ ಬೀಳ್ಕೊಡುಗೆಯಲ್ಲಾದರೂ ಓದಬಹುದು.

ನೀವು ಸದ್ದಿಲ್ಲದೆ ದಾಟಿಕೊಂಡು ಹೋದ ವರ್ಷ 1844. ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ಹುಡುಗ ಆಗ ಕ್ರೈಸ್ತನಾದ. ಮಂಗಳೂರಿನಲ್ಲಿ ದೊಡ್ಡ ಗಲಾಟೆಯೇ ಆಯಿತು. ಮೋಗ್ಲಿಂಗ್ ಯುರೋಪಿಗೆ ಹೋದಾಗ ಅವನನ್ನೂ ಕರೆದುಕೊಂಡು ಹೋದರು. ಬಾಸೆಲ್‌ನಲ್ಲಿ ಓದಿ, 1851ರಲ್ಲಿ ಪಾದ್ರಿಯಾಗಿ ಬಂದ ಕೌಂಡಿನ್ಯ ಮಂಗಳೂರಿನ ಸೆಮಿನರಿಯಲ್ಲೇ ಪಾಠ ಹೇಳಿದರು. ಮಿಷನ್ನಿನವರಿಗೆ ಇದು ಗೆಲುವಿನ ಕಥೆ. ಆ ಹುಡುಗನ ಮನೆಯವರಿಗೆ? ಎರಡೂ ಬರಲಿ. ಮತಾಂತರದ ಮಾತೆತ್ತಿದರೆ ಜಗಳ ಆಗುತ್ತೆ ಅಂತ ಹೆದರಿದ್ದೀರಿ, ಅಲ್ವಾ? ಮೋಗ್ಲಿಂಗ್ ಹಡಗು ಹತ್ತಿ ಬಂದದ್ದೇ ಅದಕ್ಕೆ. ಅದನ್ನು ಬಿಟ್ಟರೆ ಲೇಖನದಲ್ಲಿ ಮನುಷ್ಯನೇ ಉಳಿಯುವುದಿಲ್ಲ.

ಅದೇ ಮನುಷ್ಯ 1848ರಿಂದ ಬಸವಪುರಾಣ, ಜೈಮಿನಿ ಭಾರತ ಎಲ್ಲ ಅಚ್ಚು ಹಾಕಿಸುತ್ತಾರೆ. 1850ರಲ್ಲಿ ದಾಸರ ಪದಗಳು. ದುಡ್ಡು ಕೊಟ್ಟದ್ದು ಈಸ್ಟ್ ಇಂಡಿಯಾ ಕಂಪನಿಯ ನಿವೃತ್ತ ಜಡ್ಜ್ ಕ್ಯಾಸಮೇಜರ್. ಅಚ್ಚು ಅಂದರೆ ಕಲ್ಲಚ್ಚು. ಅದು ಹೇಗೆ ಅಂತ ಓದುಗರಿಗೆ ತೋರಿಸಿ. ಜಿಡ್ಡಿನ ಮಸಿಯಲ್ಲಿ ಪುಟ ಪೂರ್ತಿ ಕೈಯಲ್ಲೇ ಬರೆದು ಕಲ್ಲಿಗೆ ಇಳಿಸುತ್ತಾರೆ. ಕಲ್ಲನ್ನು ಒದ್ದೆ ಮಾಡಿ ಶಾಯಿ ಉರುಳಿಸಿದರೆ ಜಿಡ್ಡಿದ್ದ ಕಡೆ ಮಾತ್ರ ಹಿಡಿಯುತ್ತದೆ. ಹಾಗಾಗಿ ಆ ಪುಟಗಳಲ್ಲಿರುವುದು ಅಚ್ಚುಮೊಳೆಯ ಅಕ್ಷರವಲ್ಲ, ಯಾರದೋ ಕೈಬರಹ.

ಹುಡುಗರನ್ನು ಪಾದ್ರಿ ಕೆಲಸಕ್ಕೆ ತಯಾರು ಮಾಡುವವರಿಗೆ ಬಸವಪುರಾಣ ಯಾಕೆ ಬೇಕಿತ್ತು? ಎದುರು ಪಕ್ಷದ ಮನಸ್ಸು ತಿಳಿಯಲು ಅನ್ನುವವರಿದ್ದಾರೆ. ಇರಬಹುದು. ಆದರೆ ಬರೀ ಅಷ್ಟಕ್ಕೇ ಯಾರೂ ಕನ್ನಡದ ಗಾದೆಗಳನ್ನು ಹೆಕ್ಕಿ ಪುಸ್ತಕ ಮಾಡುವುದಿಲ್ಲ. ಅವರಿಗೆ ಭಾಷೆಯ ಹುಚ್ಚು ಹಿಡಿದಿತ್ತು ಅಂತ ನನ್ನ ಅನಿಸಿಕೆ. ನೀವು ಒಪ್ಪದಿದ್ದರೆ ವಾದ ಮಾಡಿ, ಆದರೆ ಸುಮ್ನೆ ಹೊಗಳಬೇಡಿ.

ಇನ್ನೊಂದು. ಜೈಮಿನಿ ಭಾರತದ ಲಕ್ಷ್ಮೀಶ ನಮಗೆಲ್ಲ ದೇವನೂರಿನವನು. ದೇವನೂರು ಇರುವುದು ನಿಮ್ಮ ಕಡೂರು ತಾಲ್ಲೂಕಿನಲ್ಲೇ! ನಿಮ್ಮ ತಾಲ್ಲೂಕಿನ ಕವಿಯ ಕಾವ್ಯವನ್ನು ಘಟ್ಟದ ಕೆಳಗೆ ಒಬ್ಬ ಜರ್ಮನ್ ಪಾದ್ರಿ ಕಲ್ಲಚ್ಚಿಗೆ ಹಾಕಿಸಿದ. ಲೇಖನದಲ್ಲಿ ಇದರ ಸುಳಿವೇ ಇಲ್ಲ. ನೀವಲ್ಲದೆ ಇದನ್ನು ಇನ್ಯಾರು ಬರೀಬೇಕು?

ಕೊಡಗಿನ ಭಾಗ, ಆನಂದಪುರದ ಕಥೆ ಸದ್ಯಕ್ಕೆ ಬೇಡ. ಅದು ಬೇರೆಯೇ ಲೇಖನ. ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿ ಬಾಸೆಲ್ ಮಿಷನ್ನಿನ ಹಳೆಯ ಪುಸ್ತಕ, ದಾಖಲೆಗಳಿವೆ. ಮೊದಲೇ ಪತ್ರ ಬರೆದು ಅನುಮತಿ ಕೇಳಿ, ಮಳೆ ಹಿಡಿಯುವ ಮುಂಚೆ ಚಾರ್ಮಾಡಿ ಇಳಿದು ನೋಡಿ ಬನ್ನಿ. ಹೊಸ ಕರಡು ಈಗಿನದರ ಅರ್ಧ ಇದ್ದರೆ ಸಾಕು. ದೇವನೂರಿನಿಂದಲೇ ಶುರು ಮಾಡಿ.