ಹಡಗಿನ ದುಡ್ಡು ಏಜೆಂಟ್ ಕೈಗೆ ಕೊಡುವ ಮುಂಚೆ

ಈ ಅಂಕಣಕ್ಕೆ ಮೊದಲೆಲ್ಲ ಕಾಶಿ ಯಾತ್ರೆ, ಚಾರ್ ಧಾಮ್ ಪ್ಯಾಕೇಜಿನ ಪ್ರಶ್ನೆಗಳೇ ಜಾಸ್ತಿ ಬರುತ್ತಿದ್ದವು. ಈ ಸಲ ಕ್ರೂಸ್ ಬಗ್ಗೆಯೇ ನಾಲ್ಕು ಪತ್ರಗಳಿವೆ. ನಾಲ್ಕೂ ಏಜೆಂಟರಿಗೆ ಹಣ ಕಟ್ಟುವ ವಿಷಯ. ನಾನು ಹದಿನಾರು ವರ್ಷ ಬೆಂಗಳೂರಿನ ಟ್ರಾವೆಲ್ ಏಜೆನ್ಸಿಯೊಂದರ ಬುಕಿಂಗ್ ಕೌಂಟರಿನಲ್ಲಿ ಕೂತವಳು, ಆದ್ದರಿಂದ ಕೌಂಟರಿನ ಆ ಕಡೆ ಏನಾಗುತ್ತದೆ ಅನ್ನೋದನ್ನೂ ಸೇರಿಸಿ ಬರೆಯುತ್ತೇನೆ.

ಪ್ರಶ್ನೆ: ಮೇಡಂ, ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ನಾನು, ನನ್ನ ಹೆಂಡತಿ, ಅಕ್ಕ, ಭಾವ ನಾಲ್ವರೂ ಸಿಂಗಪುರದಿಂದ ಹೊರಡುವ ನಾಲ್ಕು ರಾತ್ರಿಯ ಕ್ರೂಸ್‌ಗೆ ನಮ್ಮೂರಿನ ಏಜೆಂಟ್ ಹತ್ತಿರ ಬುಕ್ ಮಾಡಿದ್ದೇವೆ. ವಿಮಾನ, ಎರಡು ರಾತ್ರಿ ಹೋಟೆಲ್ ಎಲ್ಲ ಸೇರಿ 4,20,000 ರೂಪಾಯಿ. ಒಂದು ಲಕ್ಷ ಅಡ್ವಾನ್ಸ್ ಕೊಟ್ಟಾಗಿದೆ. ರಸೀದಿ ಕೇಳಿದರೆ ವಾಟ್ಸಾಪ್‌ನಲ್ಲಿ 'ರಿಸೀವ್ಡ್, ಥ್ಯಾಂಕ್ಸ್' ಅಂತ ಬಂತು, ಅಷ್ಟೇ. ಈಗ ಬಾಕಿ ಹಣವನ್ನೆಲ್ಲ ಎರಡು ದಿನದಲ್ಲಿ ಕಟ್ಟಿ, ಇಲ್ಲದಿದ್ದರೆ ರೇಟ್ ಏರುತ್ತೆ ಅನ್ನುತ್ತಿದ್ದಾರೆ. ಅದೂ ಆಫೀಸಿನ ಖಾತೆಗಲ್ಲ, ಬೇರೆ ಯಾರದೋ ಹೆಸರಿನ ಖಾತೆಗೆ. ಪರಿಚಯದವರು, ಜಾಸ್ತಿ ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೇನೋ. ಏನು ಮಾಡಲಿ? — ಓದುಗರು, ಹಾಸನ

ಉತ್ತರ: ಮೇಷ್ಟ್ರೇ, ನಿಮಗೆ ಫೋನಿನಲ್ಲೇ ಹೇಳಿದ್ದೆ, ಆ ಖಾತೆಗೆ ಒಂದು ರೂಪಾಯಿಯೂ ಹಾಕಬೇಡಿ ಅಂತ. ಉಳಿದ ಓದುಗರಿಗೂ ಬೇಕಾಗುವ ವಿಷಯ, ಅದಕ್ಕೇ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಹಣ ಹೋಗುವ ದಾರಿ ನೋಡಿ. ನೀವು ಕೊಟ್ಟ ಒಂದು ಲಕ್ಷ ಏಜೆಂಟ್ ಖಾತೆಗೆ ಹೋಯಿತು. ಅಲ್ಲಿಂದ ಅವರು ಹಡಗಿನ ಕಂಪನಿಗೆ ಕಟ್ಟಬೇಕು, ವಿಮಾನದ ಟಿಕೆಟ್ ತೆಗೆಯಬೇಕು, ಹೋಟೆಲಿಗೆ ಕೊಡಬೇಕು. ಸಣ್ಣ ಏಜೆಂಟ್ ಆದರೆ ನಡುವೆ ಇನ್ನೊಬ್ಬ ದೊಡ್ಡ ಏಜೆಂಟ್ ಕೂಡ ಇರುತ್ತಾನೆ. ಏಜೆಂಟರಿಗೆ ಕೊಟ್ಟ ತಕ್ಷಣ ಹಡಗಿನವರಿಗೆ ಕೊಟ್ಟ ಹಾಗೆ ಅಂತ ನಾವು ಅಂದುಕೊಳ್ಳುತ್ತೇವೆ. ಹಾಗಿರುವುದಿಲ್ಲ. ಎಷ್ಟೋ ಕಡೆ ಈ ತಿಂಗಳು ಬಂದ ಗಿರಾಕಿಯ ಹಣದಲ್ಲಿ ಮುಂದಿನ ವಾರ ಹೊರಡುವವರ ಟಿಕೆಟ್ ಆಗುತ್ತದೆ, ನಿಮ್ಮ ಟಿಕೆಟ್ ನಿಮ್ಮ ಹಿಂದೆ ಬರುವವರ ಹಣದಲ್ಲಿ ಆಗಬೇಕು. ಇದನ್ನು ಮಾಡುವವರೆಲ್ಲ ಮೋಸಗಾರರಲ್ಲ, ವ್ಯಾಪಾರದಲ್ಲಿ ರೊಟೇಷನ್ ಅಂತ ಮಾಡಿಕೊಂಡು ಬಂದ ಅಭ್ಯಾಸ ಅದು. ಆದರೆ ಒಂದು ತಿಂಗಳು ಗಿರಾಕಿ ಬರಲಿಲ್ಲ ಅಂದರೆ ಸರಪಳಿ ಅಲ್ಲೇ ಕಡಿಯುತ್ತದೆ, ಮತ್ತೆ ಆವತ್ತು ಸಾಲಿನಲ್ಲಿ ಯಾರು ನಿಂತಿದ್ದಾರೋ ಅವರ ದುಡ್ಡು ಹೋಗುತ್ತದೆ. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ಎಲ್ಲ ನಿಂತಾಗ ನಾನು ಇದನ್ನು ಕಣ್ಣಾರೆ ಕಂಡೆ. ಮಗಳ ಮದುವೆ ಮುಗಿಸಿ, ಉಳಿದ ದುಡ್ಡಲ್ಲಿ ಹೆಂಡತಿಯನ್ನು ಒಂದು ಸಲ ಹಡಗಿನಲ್ಲಿ ಕರೆದುಕೊಂಡು ಹೋಗಬೇಕು ಅಂತ ಇದ್ದವರೊಬ್ಬರು ಮೂರು ತಿಂಗಳು ಪ್ರತಿ ಸೋಮವಾರ ನಮ್ಮ ಆಫೀಸಿಗೆ ಬಂದು ಕೂರುತ್ತಿದ್ದರು. ಅವರ ಮುಖ ನನಗೆ ಇನ್ನೂ ನೆನಪಿದೆ.

ಹಾಗಾಗಿ ಕೇಳಬೇಕಾದದ್ದು ಏಜೆಂಟರ ರಸೀದಿ ಒಂದನ್ನೇ ಅಲ್ಲ. ಹಡಗಿನ ಕಂಪನಿಯೇ ಕಳಿಸಿದ ಬುಕಿಂಗ್ ಕನ್ಫರ್ಮೇಶನ್ ಕೇಳಿ. ಅದರಲ್ಲಿ ಹಡಗಿನ ಹೆಸರು, ಹೊರಡುವ ತಾರೀಖು, ಕ್ಯಾಬಿನ್ ಯಾವ ತರಗತಿ, ನಿಮ್ಮ ನಾಲ್ವರ ಹೆಸರು, ಬುಕಿಂಗ್ ನಂಬರ್ ಇರುತ್ತದೆ. ಎಷ್ಟು ಹಣ ಬಂದಿದೆ, ಎಷ್ಟು ಬಾಕಿ, ಬಾಕಿ ಕಟ್ಟಲು ಕೊನೆಯ ದಿನ ಯಾವುದು ಅನ್ನೋದನ್ನೂ ಅದರಲ್ಲೇ ನೋಡಿ, ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ಆ ನಂಬರ್ ಸಿಕ್ಕರೆ ಅರ್ಧ ಭಯ ಹೋದ ಹಾಗೆ. ಕಂಪನಿಯ ವೆಬ್‌ಸೈಟಿನಲ್ಲಿ ನಂಬರ್ ಮತ್ತು ಹೆಸರು ಹಾಕಿ ನೋಡಬಹುದು, ಇಲ್ಲವೇ ಅವರ ಕಸ್ಟಮರ್ ಕೇರಿಗೆ ಫೋನ್ ಮಾಡಬಹುದು. ಏಜೆಂಟ್ ಮೂಲಕ ಮಾಡಿದ ಬುಕಿಂಗ್ ಆದರೆ ಬದಲಾವಣೆ ಏನೇ ಇದ್ದರೂ ಏಜೆಂಟರನ್ನೇ ಕೇಳಿ ಅಂತಾರೆ, ಅದು ಸಹಜ. ಬುಕಿಂಗ್ ಇದೆಯೋ ಇಲ್ಲವೋ ಅನ್ನೋದಾದರೂ ತಿಳಿಯುತ್ತದೆ.

'ನಿಮ್ಮನ್ನು ಗ್ರೂಪಿನಲ್ಲಿ ಹಾಕಿದ್ದೀನಿ, ನಂಬರ್ ಆಮೇಲೆ ಬರುತ್ತೆ' ಅಂತ ಹೇಳಬಹುದು. ಇದು ನಿಜವೂ ಇರಬಹುದು. ಏಜೆಂಟರು ಹತ್ತಿಪ್ಪತ್ತು ಕ್ಯಾಬಿನ್ ಒಟ್ಟಿಗೆ ಹಿಡಿದಿಟ್ಟು, ಹೆಸರುಗಳನ್ನು ನಂತರ ತುಂಬುವುದುಂಟು. ಹಾಗಿದ್ದರೆ ಗ್ರೂಪಿನ ನಂಬರ್ ಕೇಳಿ, ಹೆಸರು ಸೇರಿಸುವ ದಿನ ಯಾವುದು ಅಂತ ಬರೆಸಿಕೊಳ್ಳಿ, ಆ ದಿನದವರೆಗೆ ಅಡ್ವಾನ್ಸ್ ಬಿಟ್ಟು ಮತ್ತೇನೂ ಕೊಡಬೇಡಿ.

ಇನ್ನು ಎರಡು ದಿನದ ಗಡುವು. ಕ್ರೂಸ್ ಕಂಪನಿಗಳಲ್ಲಿ ಮೊದಲು ಅಡ್ವಾನ್ಸ್, ಆಮೇಲೆ ಬಾಕಿ ಅನ್ನುವ ಪದ್ಧತಿ ಇದೆ. ಬಾಕಿಯನ್ನು ಹಡಗು ಹೊರಡುವ ಎರಡೂವರೆ ಮೂರು ತಿಂಗಳ ಮುಂಚೆ ಕೇಳುವ ಕಂಪನಿಗಳೇ ಜಾಸ್ತಿ. ಏಜೆಂಟರು ತಮ್ಮ ಅನುಕೂಲಕ್ಕೆ ಒಂದು ವಾರ ಮೊದಲೇ ಕೇಳಿದರೆ ತಪ್ಪೇನಿಲ್ಲ, ನಾವೂ ಕೇಳುತ್ತಿದ್ದೆವು. ಆದರೆ ನಿಮ್ಮ ಹಡಗು ಹೊರಡಲು ಇನ್ನೂ ಆರು ತಿಂಗಳಿದೆ ಅಂದಿರಿ. ಅಡ್ವಾನ್ಸ್ ಕಂಪನಿಗೆ ತಲುಪಿ ಬುಕಿಂಗ್ ಕನ್ಫರ್ಮ್ ಆಗಿದ್ದರೆ ಕ್ಯಾಬಿನ್ ದರ ಸಾಮಾನ್ಯವಾಗಿ ಅಲ್ಲಿಗೆ ನಿಂತಿರುತ್ತದೆ. ಏರುತ್ತದೆ ಅಂದರೆ ನಿಮ್ಮ ಹೆಸರಲ್ಲಿ ಇನ್ನೂ ಬುಕಿಂಗೇ ಆಗಿಲ್ಲ ಅಂತಲೂ ಅರ್ಥ ಇರಬಹುದು. ಇದನ್ನೇ ಅವರಿಗೆ ನೇರವಾಗಿ ಕೇಳಿ.

ಖಾತೆಯ ವಿಷಯದಲ್ಲಂತೂ ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಬಿಲ್ ಯಾರ ಹೆಸರಲ್ಲಿ ಬರುತ್ತದೋ ಹಣ ಅದೇ ಹೆಸರಿನ ಖಾತೆಗೆ ಹೋಗಬೇಕು. ಹೆಂಡತಿ ಖಾತೆ, ತಮ್ಮನ ಖಾತೆ, ಅಕೌಂಟೆಂಟ್ ಖಾತೆ ಯಾವುದೂ ಬೇಡ. 2025ರ ಏಪ್ರಿಲ್‌ನಿಂದ ನೆಫ್ಟ್, ಆರ್‌ಟಿಜಿಎಸ್ ಮಾಡುವಾಗಲೂ ಖಾತೆದಾರರ ಹೆಸರು ಮೊದಲೇ ತೋರಿಸಬೇಕು ಅಂತ ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕುಗಳಿಗೆ ಹೇಳಿದೆ, ಆ ಹೆಸರು ಓದಿಯೇ ಮುಂದೆ ಒತ್ತಿ. ಏಜೆಂಟರ ಜಿಎಸ್‌ಟಿ ನಂಬರ್ ಕೇಳಿ, ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದರೆ ಸಂಸ್ಥೆಯ ನಿಜವಾದ ಹೆಸರು, ಯಾವಾಗ ನೋಂದಣಿ ಆಯಿತು, ಈಗ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ ಎಲ್ಲ ಬರುತ್ತದೆ. ಎರಡು ನಿಮಿಷದ ಕೆಲಸ, ಯಾರ ಲಾಗಿನ್ನೂ ಬೇಡ. ನಗದು ಕೊಡಿ, ಸ್ವಲ್ಪ ಕಡಿಮೆ ಮಾಡ್ತೀನಿ ಅಂದರೂ ಬೇಡ ಅನ್ನಿ. ಒಂದೇ ವ್ಯವಹಾರಕ್ಕೆ ಎರಡು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಳ್ಳುವುದಕ್ಕೇ ಆದಾಯ ತೆರಿಗೆ ಕಾನೂನಿನಲ್ಲಿ ಅವಕಾಶ ಇಲ್ಲ.

ಬಿಲ್ಲಿನಲ್ಲಿ ಇನ್ನೊಂದು ಸಾಲು ನೋಡಿ, ಟಿಸಿಎಸ್ ಅಂತ ಇರುತ್ತದೆ, ಅಂದರೆ ಮಾರುವವರೇ ಗಿರಾಕಿಯಿಂದ ವಸೂಲು ಮಾಡುವ ತೆರಿಗೆ. ವಿದೇಶ ಪ್ರವಾಸದ ಪ್ಯಾಕೇಜಿಗೆ 2020ರ ಅಕ್ಟೋಬರ್‌ನಿಂದ ಬಂದದ್ದು. ದರ ಆಗಾಗ ಬದಲಾಗಿದೆ, ಹಣ ಕಟ್ಟುವ ದಿನದ ದರ ಎಷ್ಟು ಅಂತ ನೋಡಿಕೊಳ್ಳಿ. ಇದು ಏಜೆಂಟರ ಲಾಭವಲ್ಲ, ನಿಮ್ಮ ಪ್ಯಾನ್ ಹೆಸರಲ್ಲಿ ಸರ್ಕಾರಕ್ಕೆ ಕಟ್ಟಬೇಕಾದ ಹಣ. ರಿಟರ್ನ್ಸ್ ಹಾಕುವಾಗ ನಿಮ್ಮ ತೆರಿಗೆಗೆ ಮುರಿದುಕೊಳ್ಳಬಹುದು, ತೆರಿಗೆ ಇಲ್ಲದಿದ್ದರೆ ವಾಪಸ್ ಪಡೆಯಬಹುದು. ಆದಾಯ ತೆರಿಗೆ ಇಲಾಖೆಯಲ್ಲಿ ನಿಮ್ಮ ಪ್ಯಾನ್‌ಗೆ ಜಮಾ ಆದ ತೆರಿಗೆಯ ಪಟ್ಟಿಯಲ್ಲಿ ಅದು ಕಾಣಬೇಕು. ಪಿಂಚಣಿಯಲ್ಲಿ ಬದುಕುವ ಎಷ್ಟೋ ಜನ ಇದನ್ನು ಕೇಳದೆ ಬಿಟ್ಟುಬಿಡುತ್ತಾರೆ, ನನಗೆ ಅದು ತುಂಬ ಬೇಸರದ ಸಂಗತಿ.

ಬೇಜಾರಿನ ಮಾತು ಅಂದಿರಿ. ಮೇಷ್ಟ್ರೇ, ನಾನು ಕೌಂಟರಿನಲ್ಲಿದ್ದಾಗ ಕನ್ಫರ್ಮೇಶನ್ ಕೇಳಿದ ಗಿರಾಕಿಯ ಮೇಲೆ ಒಂದು ದಿನವೂ ಬೇಜಾರಾಗಿಲ್ಲ. ಕೆಲಸ ಆಗಿದ್ದರೆ ಕಾಗದ ಕೊಡುವುದು ಒಂದು ಪ್ರಿಂಟ್ ತೆಗೆದಷ್ಟೇ ಸುಲಭ. ನಮಗೆ ಕಮಿಷನ್ ಬರುವುದು ಹಡಗಿನ ಕಂಪನಿಯಿಂದ, ಬುಕಿಂಗ್ ಆದರೇನೇ ಬರುವುದು.

ಪ್ರಶ್ನೆ: ಕ್ರೆಡಿಟ್ ಕಾರ್ಡ್‌ನಲ್ಲಿ ಕಟ್ಟಿದರೆ ಶೇ 2 ಜಾಸ್ತಿ ಅಂತಾರೆ ಏಜೆಂಟ್. ಸುಮ್ನೆ ಯಾಕೆ ಕೊಡಬೇಕು, ನೆಫ್ಟ್ ಮಾಡಿದರೆ ಆಗಲ್ವಾ? — ಓದುಗರು, ದಾವಣಗೆರೆ

ಉತ್ತರ: ಆಗುತ್ತದೆ. ಆದರೆ ನನ್ನ ದುಡ್ಡಾದರೆ ನಾನು ಆ ಶೇ 2 ಕೊಟ್ಟು ಕಾರ್ಡಿನಲ್ಲೇ ಕಟ್ಟುತ್ತೇನೆ. ನೆಫ್ಟ್ ಅಂದರೆ ಹೋದದ್ದು ಹೋಯಿತು, ಬ್ಯಾಂಕು ಅದನ್ನು ವಾಪಸ್ ಎಳೆಯಲು ಆಗುವುದಿಲ್ಲ. ಕಾರ್ಡಿನಲ್ಲಾದರೆ, ಕೊಟ್ಟ ಹಣಕ್ಕೆ ಸೇವೆ ಸಿಗಲಿಲ್ಲ ಅಂತ ನಿಮ್ಮ ಬ್ಯಾಂಕಿನಲ್ಲಿ ಚಾರ್ಜ್‌ಬ್ಯಾಕ್, ಅಂದರೆ ಕಾರ್ಡಿಗೇ ಹಣ ವಾಪಸ್, ಕೇಳಬಹುದು. ಖಂಡಿತ ಸಿಗುತ್ತದೆ ಅಂತ ಅಲ್ಲ, ಅದಕ್ಕೂ ಗಡುವಿದೆ, ಕಾಗದ ಬೇಕು. ಆದರೂ ಒಂದು ಬಾಗಿಲು ತೆರೆದಿರುತ್ತದೆ. ಎರಡು ಲಕ್ಷಕ್ಕೆ 4,000 ರೂಪಾಯಿ, ಅದನ್ನು ನಾನು ದುಬಾರಿ ಅನ್ನುವುದಿಲ್ಲ. ತಿಂಗಳ ಕೊನೆಗೆ ಪೂರ್ತಿ ಬಿಲ್ ಕಟ್ಟುವ ಶಕ್ತಿ ಇದ್ದರೆ ಮಾತ್ರ ಈ ಮಾತು. ಬಡ್ಡಿಗೆ ಬಿದ್ದರೆ ಲೆಕ್ಕವೇ ಬೇರೆ. ವಿದೇಶಿ ಕಂಪನಿಯ ವೆಬ್‌ಸೈಟಿನಲ್ಲಿ ಡಾಲರಿನಲ್ಲಿ ನೇರ ಕಟ್ಟುವುದಾದರೆ ಬ್ಯಾಂಕಿನ ಫಾರೆಕ್ಸ್ ಮಾರ್ಕಪ್ (ವಿದೇಶಿ ಹಣದ ವ್ಯವಹಾರಕ್ಕೆ ಬ್ಯಾಂಕು ಹಾಕುವ ಶುಲ್ಕ) ಬೇರೆ ಇರುತ್ತದೆ, ಎಷ್ಟೋ ಕಾರ್ಡುಗಳಲ್ಲಿ ಶೇ 3.5, ಅದರ ಮೇಲೆ ಜಿಎಸ್‌ಟಿ. ಏಜೆಂಟ್ ರೂಪಾಯಿಯಲ್ಲಿ ಹೇಳಿದ ರೇಟನ್ನು ಅದರ ಜೊತೆ ಹೋಲಿಸಿ ನೋಡಿ.

ಪ್ರಶ್ನೆ: ನಾನು ಸಿಯಾಟಲ್‌ನಲ್ಲಿದ್ದೇನೆ. ಅಪ್ಪ ಅಮ್ಮ ಮೈಸೂರಿನಿಂದ ಬರುತ್ತಾರೆ, ಅಲಾಸ್ಕಾ ಕ್ರೂಸ್‌ಗೆ ಕರೆದುಕೊಂಡು ಹೋಗಬೇಕು ಅಂತ ಆಸೆ. ಇಲ್ಲಿಯ ಏಜೆಂಟ್ ಒಬ್ಬರು ಕಾರ್ಡಿನ ಎರಡೂ ಕಡೆಯ ಫೋಟೋ ಈಮೇಲ್ ಮಾಡಿ ಅಂತಿದ್ದಾರೆ. ಕಳಿಸಬಹುದಾ?

ಉತ್ತರ: ಫೋಟೋ ಕಳಿಸಬೇಡಿ. ಕಂಪನಿಯ ಪೇಮೆಂಟ್ ಲಿಂಕ್ ಕೇಳಿ, ಅಥವಾ ಬುಕಿಂಗ್ ನಂಬರ್ ಪಡೆದು ನೀವೇ ಕಂಪನಿಗೆ ಕಟ್ಟಲು ಆಗುತ್ತದಾ ಕೇಳಿ. ಅಮೆರಿಕದಲ್ಲಿ ಏಜೆಂಟರು ಸಾಮಾನ್ಯವಾಗಿ ನಿಮ್ಮ ಕಾರ್ಡನ್ನು ಹಡಗಿನ ಕಂಪನಿಗೇ ದಾಟಿಸುತ್ತಾರೆ. ಆದ್ದರಿಂದ ಸ್ಟೇಟ್‌ಮೆಂಟಿನಲ್ಲಿ ಕಂಪನಿಯ ಹೆಸರು ಬರಬೇಕು. ಏಜೆನ್ಸಿಯ ಹೆಸರು ಬಂದರೆ ಯಾಕೆ ಅಂತ ಅವತ್ತೇ ಕೇಳಿ. ನಿಮ್ಮ ವಾಷಿಂಗ್‌ಟನ್ ರಾಜ್ಯದಲ್ಲಿ, ಹಾಗೇ ಕ್ಯಾಲಿಫೋರ್ನಿಯಾ, ಫ್ಲೋರಿಡಾದಲ್ಲಿ ಪ್ರವಾಸ ಮಾರುವವರು ಸರ್ಕಾರದಲ್ಲಿ ನೋಂದಣಿ ಮಾಡಿಸಬೇಕು, ಆ ನಂಬರ್ ಕೇಳುವ ಹಕ್ಕು ನಿಮಗಿದೆ. ನಮ್ಮಲ್ಲಿ ಪ್ರವಾಸೋದ್ಯಮ ಸಚಿವಾಲಯದ ಮಾನ್ಯತೆ ಇಷ್ಟವಿದ್ದವರು ಪಡೆಯುವಂಥದ್ದು, ಕಡ್ಡಾಯವಲ್ಲ. ಇಲ್ಲಿಯ ಓದುಗರು ಎರಡು ಪಟ್ಟು ಜಾಗ್ರತೆ ಇರಬೇಕಾದದ್ದು ಅದಕ್ಕೇ.

ನೀವು ಕೇಳದ ಎರಡು ವಿಷಯ ಹೇಳಲೇಬೇಕು. ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಬರುವ ಅಲಾಸ್ಕಾ ಹಡಗು ದಾರಿಯಲ್ಲಿ ಕೆನಡಾದ ಬಂದರಿನಲ್ಲಿ ನಿಲ್ಲುತ್ತದೆ, ಹೆಚ್ಚಾಗಿ ವಿಕ್ಟೋರಿಯಾದಲ್ಲಿ. 1886ರ ಒಂದು ಅಮೆರಿಕನ್ ಕಾನೂನಿನಿಂದಾಗಿ ವಿದೇಶದಲ್ಲಿ ನೋಂದಣಿಯಾದ ಹಡಗು ಹಾಗೆ ನಿಲ್ಲಲೇಬೇಕು. ಅಂದರೆ ಭಾರತದ ಪಾಸ್‌ಪೋರ್ಟ್ ಇರುವ ಅಪ್ಪ ಅಮ್ಮನಿಗೆ ಅಮೆರಿಕದ ವೀಸಾ ಜೊತೆಗೆ ಕೆನಡಾ ವೀಸಾವನ್ನೂ ಕೇಳುತ್ತಾರೆ. ಎರಡೂ ಕೈಗೆ ಬರುವವರೆಗೆ ಬಾಕಿ ಹಣ ಕಟ್ಟಬೇಡಿ. ಬಾಕಿ ಕಟ್ಟಿದ ಮೇಲೆ ರದ್ದು ಮಾಡಿದರೆ ದಿನ ಕಳೆದ ಹಾಗೆ ಮುರಿದುಕೊಳ್ಳುವ ಹಣ ಏರುತ್ತಾ ಹೋಗುತ್ತದೆ, ಕೊನೆಗೆ ಪೂರ್ತಿ ಹೋಗುತ್ತದೆ. ವೀಸಾ ಸಿಗಲಿಲ್ಲ ಅನ್ನೋ ಕಾರಣಕ್ಕೆ ಹಣ ಕೊಡುವ ವಿಮೆ ಎಲ್ಲ ಪಾಲಿಸಿಯಲ್ಲೂ ಇರುವುದಿಲ್ಲ.

ಇನ್ನೊಂದು, ಹೆಸರಿನ ವಿಷಯ. ನಮ್ಮ ಹಿರಿಯರ ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ಬಿಡಿಸಿ ಊರಿನ ಹೆಸರೋ ತಂದೆಯ ಹೆಸರೋ ಬಂದಿರುತ್ತದೆ, ಕೆಲವರದ್ದರಲ್ಲಿ ಸರ್‌ನೇಮ್ ಜಾಗ ಖಾಲಿಯೇ ಇರುತ್ತದೆ. ಬುಕಿಂಗ್‌ನಲ್ಲಿ ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಬರಬೇಕು. ಅಡ್ವಾನ್ಸ್ ಕಟ್ಟುವ ಹೊತ್ತಿಗೇ ಇದನ್ನು ಸರಿ ಮಾಡಿಸಿ, ಆಮೇಲೆ ತಿದ್ದುವುದಕ್ಕೂ ದುಡ್ಡು ಕೇಳಬಹುದು. ಮತ್ತೆ ಟಿಪ್ಸ್, ಹಡಗಿನಲ್ಲಿ ತಲೆಗೆ ದಿನಕ್ಕೆ ಇಷ್ಟು ಡಾಲರ್ ಅಂತ ಹಾಕುತ್ತಾರೆ, ಎಷ್ಟೋ ಪ್ಯಾಕೇಜ್ ದರದಲ್ಲಿ ಅದು ಸೇರಿರುವುದಿಲ್ಲ. ಮೂವರಿಗೆ ಏಳು ದಿನಕ್ಕೆ ಸಣ್ಣ ಮೊತ್ತವಲ್ಲ, ಮೊದಲೇ ಕೇಳಿಕೊಳ್ಳಿ.

ಪ್ರಶ್ನೆ: ಮುಂಬೈಯಿಂದ ಲಕ್ಷದ್ವೀಪಕ್ಕೆ ಹೋಗುವ ಕ್ರೂಸ್‌ಗೆ ಏಜೆಂಟ್ ಒಬ್ಬರಿಗೆ 96,000 ಕೊಟ್ಟಿದ್ದೆ. ಹೊರಡುವ ಹತ್ತು ದಿನ ಮುಂಚೆ ಬುಕಿಂಗ್ ಆಗಿಲ್ಲ ಅಂದರು. ವಾಪಸ್ ಕೊಡ್ತೀನಿ ಅಂತ ಐದು ತಿಂಗಳಾಯಿತು. ಫೋನ್ ಎತ್ತುತ್ತಿಲ್ಲ. — ಓದುಗರು, ಮಂಗಳೂರು

ಉತ್ತರ: ಐದು ತಿಂಗಳು ಕಾದದ್ದು ಸಾಕು. ಇನ್ನು ಫೋನ್ ಬೇಡ, ಎಲ್ಲ ಬರವಣಿಗೆಯಲ್ಲೇ ಆಗಲಿ. ಎಷ್ಟು ಕೊಟ್ಟೆ, ಯಾವ ತಾರೀಖು, ಯಾವ ಖಾತೆಗೆ, ಏನು ಹೇಳಿದ್ದರು ಅಂತ ಒಂದು ಪುಟ ಬರೆದು, ಹದಿನೈದು ದಿನದ ಗಡುವು ಕೊಟ್ಟು ಈಮೇಲ್ ಮಾಡಿ, ಅದನ್ನೇ ಪೋಸ್ಟಿನಲ್ಲಿ ಸಹಿ ಪಡೆಯುವ ಹಾಗೆ ಕಳಿಸಿ. ವಾಟ್ಸಾಪ್ ಮೆಸೇಜುಗಳ ಸ್ಕ್ರೀನ್‌ಶಾಟ್ ಈಗಲೇ ತೆಗೆದಿಡಿ, ಅವರು ಅಳಿಸಬಹುದು. ಜೊತೆಗೇ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಕೆಲವರು ಅಲ್ಲಿಂದ ಒಂದು ಪತ್ರ ಬಂದ ತಕ್ಷಣ ಹಣ ಕೊಟ್ಟುಬಿಡುತ್ತಾರೆ.

ಕೊಡಲಿಲ್ಲ ಅಂದರೆ ಜಿಲ್ಲಾ ಗ್ರಾಹಕ ಆಯೋಗ. ಏಜೆಂಟ್ ಬೇರೆ ಊರಿನವರಾದರೂ ನೀವು ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಆ ಅವಕಾಶ ಇದೆ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ. ವಕೀಲರು ಕಡ್ಡಾಯವಲ್ಲ, ಆನ್‌ಲೈನ್‌ನಲ್ಲೂ ಹಾಕಬಹುದು. ತೊಂದರೆ ಆದ ದಿನದಿಂದ ಎರಡು ವರ್ಷದ ಒಳಗೆ ಹಾಕಬೇಕು. 96,000ದ ಜೊತೆಗೆ ಬಡ್ಡಿ, ಆದ ತೊಂದರೆಗೆ ಪರಿಹಾರ, ಖರ್ಚು ಎಲ್ಲವನ್ನೂ ಕೇಳಿ. ಅವರು ಹೀಗೇ ಇನ್ನೂ ಹಲವರಿಂದ ಹಣ ತೆಗೆದುಕೊಂಡಿದ್ದಾರೆ ಅಂತ ಗೊತ್ತಾದರೆ ಪೊಲೀಸ್ ದೂರನ್ನೂ ಕೊಡಿ, ಎಲ್ಲರೂ ಒಟ್ಟಿಗೆ ಹೋಗಿ.

ಹಡಗಿನ ಕಂಪನಿಗೂ ಒಂದು ಈಮೇಲ್ ಹಾಕಿ, ನನ್ನ ಹೆಸರಲ್ಲಿ ಯಾವಾಗಲಾದರೂ ಬುಕಿಂಗ್ ಆಗಿತ್ತಾ ಅಂತ ಕೇಳಿ. ಇಲ್ಲ ಅಂತ ಅವರು ಬರೆದುಕೊಟ್ಟರೆ ಅದೇ ನಿಮ್ಮ ದೊಡ್ಡ ಸಾಕ್ಷಿ. ಏನಾಯಿತು ಅಂತ ನನಗೆ ಬರೆಯಿರಿ, ನಾನು ಕಾಯುತ್ತಿರುತ್ತೇನೆ.